ಒಲೆಯನ್ನು ಕೆಳಗಿಳಿಸಿದ ಶ್ರಾವಣ

ಹೋದ ವಾರ ಮಹದೇವಪುರದ ಕಡೆ ಒಂದು ಗೇಟು ಕೂರಿಸಿ ಗೂಡ್ಸ್ ಆಟೋದಲ್ಲಿ ವಾಪಸು ಬರುತ್ತಿದ್ದೆವು. ಕೆ.ಆರ್. ಪುರದ ತೂಗುಸೇತುವೆ ಹತ್ತಿರ ಎಂದಿನಂತೆ ಗಾಡಿಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು. ಗಾಡಿ ಓಡಿಸುತ್ತಿದ್ದ ನನ್ನ ಹೆಲ್ಪರ್ ಅನ್ವರ್ ಇದ್ದಕ್ಕಿದ್ದಂತೆ ಮೂಗರಳಿಸಿದ. "ಸೀನಣ್ಣ, ಏನೋ ಸುಡ್ತಾ ಐತೆ ನೋಡು. ವೈರಿಂಗ್ ಹೋಯ್ತಾ?" ಎಂದ.

"ವೈರಿಂಗ್ ಅಲ್ಲ ಕಣೋ, ರೊಟ್ಟಿ" ಎಂದೆ.

ಬಿಸಿ ಹಂಚಿನ ಮೇಲೆ ಒಣ ಜೋಳದ ಹಿಟ್ಟು ಉದುರಿ ಸೀದಾಗ ಬರುವ ವಾಸನೆ ಅದು. ರಾಗಿ ಮುದ್ದೆ ತಿಂದು ಬೆಳೆದ ನನಗೆ ಆ ವಾಸನೆ ಗೊತ್ತಾದದ್ದೇ ಒಂದು ಮಳೆಗಾಲದಲ್ಲಿ. ಅನ್ವರನಿಗೂ ನೆನಪಾಯಿತು ಅಂತ ಕಾಣುತ್ತದೆ. ಸ್ಟೇರಿಂಗ್ ಮೇಲೆ ತಲೆಯಿಟ್ಟು ನಗಲು ಶುರು ಮಾಡಿದ. "ಯಾ ಅಲ್ಲಾ, ಆ ಕುರ್ಚಿ! ಸೀನಣ್ಣ, ಆ ಕುರ್ಚಿ!"

ನನ್ನ ವರ್ಕ್‌ಶಾಪು ಇರುವುದು ಮರ್ಫಿ ಟೌನಿನಲ್ಲಿ. ಹೆಸರಿಗೆ ವರ್ಕ್‌ಶಾಪು, ಅರ್ಧ ಕೆಲಸ ರಸ್ತೆಯ ಅಂಚಿನಲ್ಲೇ ನಡೆಯುತ್ತದೆ. ಗೇಟು, ಕಿಟಕಿ ಗ್ರಿಲ್ಲು, ಶಟರ್ರು, ಮೆಟ್ಟಿಲ ಕಂಬಿ ಮಾಡುತ್ತೇನೆ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು ನಾನು. ಶಿವಾಜಿನಗರದ ಗುಜರಿ ಸಾಲಿನಲ್ಲಿ ಒಬ್ಬ ತಮಿಳು ಮೇಸ್ತ್ರಿಯ ಕೈಕೆಳಗೆ ಕಬ್ಬಿಣದ ಕೆಲಸ ಕಲಿತೆ. ಓದು ನಿಂತುಹೋಯಿತಲ್ಲ ಎಂದು ಯಾರಾದರೂ ಅಯ್ಯೋ ಅಂದರೆ ನನಗೆ ಸಿಟ್ಟು ಬರುತ್ತದೆ. ನಾನು ಹಾಕಿದ ಬೆಸುಗೆ ಬಿಟ್ಟುಕೊಂಡಿತು ಎಂದು ಯಾರೂ ಇದುವರೆಗೆ ಹುಡುಕಿಕೊಂಡು ಬಂದಿಲ್ಲ. ಹಲಸೂರು, ಇಂದಿರಾನಗರ, ಬೆನ್ಸನ್ ಟೌನ್, ಎಲ್ಲಿಗೆ ಹೋದರೂ ನನ್ನ ಕೈಯ ಗೇಟು ಒಂದಾದರೂ ಕಣ್ಣಿಗೆ ಬೀಳುತ್ತದೆ. ಬಿದ್ದರೆ ಒಂದು ಸಲ ತಳ್ಳಿ ನೋಡದೆ ಮುಂದಕ್ಕೆ ಹೋಗುವುದಿಲ್ಲ. ಮನೆಯವರು ಕಿಟಕಿಯಿಂದ ಇಣುಕಿದರೆ "ನಂದೇ ಮೇಡಂ, ಕಿರ್ ಅಂತಿದೆಯಾ ಅಂತ ನೋಡ್ದೆ ಅಷ್ಟೇ" ಎನ್ನುತ್ತೇನೆ.

ಆ ವರ್ಷ ಆಷಾಢದಲ್ಲಿ ಮಲ್ಲಣ್ಣನವರು ನನ್ನನ್ನು ಕರೆಸಿದರು. ಕಲಬುರಗಿ ಕಡೆಯವರು ಅವರು. ಕೆ.ಆರ್. ಪುರ ರೈಲ್ವೆ ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ ಬಹಳ ಕಾಲದಿಂದ ಖಾನಾವಳಿ ನಡೆಸುತ್ತಿದ್ದರು. ಕಟ್ಟಡದ ಕೆಲಸಕ್ಕೆ, ಸೆಕ್ಯೂರಿಟಿ ಕೆಲಸಕ್ಕೆ ಅಂತ ಆ ಕಡೆಯಿಂದ ಬಂದು ಬಾಡಿಗೆ ರೂಮುಗಳಲ್ಲಿರುವ ಜನಕ್ಕೆಲ್ಲ ಅವರಲ್ಲೇ ಊಟ. ಗಲ್ಲಿ ಸಾಲದಾಗಿ ಮಾರ್ಕೆಟ್ಟಿನ ಹತ್ತಿರ ದೊಡ್ಡ ಜಾಗ ಹಿಡಿದಿದ್ದರು. ಆಷಾಢದಲ್ಲಿ ಯಾರೂ ಅಂಗಡಿ ತೆರೆಯುವುದಿಲ್ಲ. ಹಾಗಾಗಿ ನನ್ನಂಥವರಿಗೆ ಆಷಾಢವೇ ಸೀಸನ್ನು. ಶ್ರಾವಣಕ್ಕೆ ಪೂಜೆ ಇಟ್ಟುಕೊಂಡವರೆಲ್ಲ ಆಗ ನಮ್ಮ ತಲೆಯ ಮೇಲೆ ಕೂತಿರುತ್ತಾರೆ. ಶಟರ್ರು, ಒಲೆ ಮೇಲಿನ ಹೊಗೆ ಗೂಡು, ಪಾತ್ರೆಯ ರ‍್ಯಾಕು ನನ್ನ ಪಾಲಿಗೆ ಬಂದವು. ಜಿಟಿಜಿಟಿ ಮಳೆ. ತಾಡಪಾಲು ಕಟ್ಟಿಕೊಂಡು ವೆಲ್ಡಿಂಗ್ ಮಾಡುತ್ತಿದ್ದೆವು.

ಅಂಥ ಒಂದು ಬೆಳಿಗ್ಗೆ ರಸ್ತೆಯಿಂದ ಒಂದು ಹೆಣ್ಣುದನಿ ಕೂಗಿತು. "ಸಾವ್ಕಾರ್ರ, ಹೊರಗ ಬರ್ರಿ! ನಿಮ್ಮ ಮೆಟ್ಟಿಲು ನನಗ ಒಳಗ ಬಿಡವಲ್ಲವು!"

ಬಾಗಿಲಿಗೆ ಹೋಗಿ ನೋಡಿದೆವು. ಕೈಯಲ್ಲಿ ಪೆಡಲ್ ತಿರುಗಿಸುವ ಮೂರು ಚಕ್ರದ ಗಾಡಿಯಲ್ಲಿ ಮೂವತ್ತರ ಆಸುಪಾಸಿನ ಹೆಂಗಸು ಕೂತಿದ್ದಳು. ತಲೆಯ ಮೇಲೆ ಪ್ಲಾಸ್ಟಿಕ್ ಹಾಳೆ, ಮಡಿಲಲ್ಲಿ ಬಟ್ಟೆ ಸುತ್ತಿದ ರೊಟ್ಟಿ ಗಂಟು. ಶರಣಮ್ಮ ಅಂತ ಹೆಸರು. ಚಿಕ್ಕಂದಿನಲ್ಲಿ ಪೋಲಿಯೋ ಬಂದು ಎರಡು ಕಾಲೂ ಸೊರಗಿದ್ದವು. ತೋಳುಗಳು ಮಾತ್ರ ನನ್ನ ತೋಳಿಗಿಂತ ಗಟ್ಟಿ ಕಂಡವು. ತಂಗಿ ಮತ್ತು ತಂಗಿಯ ಗಂಡನ ಜೊತೆ ಹತ್ತಿರದ ವಠಾರದಲ್ಲಿದ್ದಳು. ರೂಮಿನಲ್ಲಿ ನೆಲದ ಮೇಲೆ ಕೂತು ಅವಳು ಬಡಿದ ರೊಟ್ಟಿ ವಠಾರ ದಾಟಿ ಮಲ್ಲಣ್ಣನವರ ಬಾಯಿಗೂ ತಲುಪಿತ್ತು.

"ಹೇಳೀನಲ್ಲವಾ ಶರಣಮ್ಮ, ಮನ್ಯಾಗ ಮಾಡಿ ಕಳಸು ಅಂತ" ಎಂದರು ಮಲ್ಲಣ್ಣ.

"ಮನ್ಯಾಗ ಕುಂತು ಕುಂತು ಸಾಕಾಗ್ಯದ್ರಿ. ನನಗ ಕೆಲಸಕ್ಕ ಬರಬೇಕಾಗ್ಯದ."

"ಎರಡೂ ಒಂದ ಅಲ್ಲೇನು? ರೊಟ್ಟಿ ನಿಂದೇ, ರೊಕ್ಕಾ ನಿಂದೇ."

"ಒಂದ ಹೆಂಗಾಗ್ತದ್ರಿ? ಓಣ್ಯಾಗ ಎಲ್ಲಾರೂ ಮುಂಜಾನೆ ಡಬ್ಬಿ ಹಿಡ್ಕೊಂಡು ಹೋಗ್ತಾರ, ಸಂಜಿಗಿ ಸಾವ್ಕಾರಗ ಬೈಕೋತ ಬರ್ತಾರ. ನಾ ಮನಿ ನಾಕೂ ಗ್ವಾಡಿ ನೋಡ್ಕೋತ ಕುಂದರ್ತೀನಿ. ನನಗೂ ಹಂಗ ಬೈಕೋತ ಮನಿಗಿ ಬರಬೇಕಂತ ಆಸಿ ಅದ."

ಅನ್ವರ್ ಕಿಸಕ್ಕನೆ ನಕ್ಕ. ಮಲ್ಲಣ್ಣ ನಗಲಿಲ್ಲ. ನನ್ನನ್ನು ಒಳಗೆ ಕರೆದುಕೊಂಡು ಹೋಗಿ ಅಡುಗೆಮನೆ ತೋರಿಸಿದರು. ಹೊಸದಾಗಿ ಹಾಕಿಸಿದ ಗ್ರಾನೈಟ್ ಕಟ್ಟೆ ಹೊಟ್ಟೆಯ ಎತ್ತರಕ್ಕಿತ್ತು, ಸಾಲಾಗಿ ಬರ್ನರು. ಹಳೇ ಖಾನಾವಳಿಯ ರೊಟ್ಟಿ ಹೆಂಗಸರು ನಾಲ್ವರೂ ನಿಂತೇ ಬಡಿಯುವವರು. "ಇಲ್ಲಿ ಎಲ್ಲಿ ಕೂರಿಸ್ಲಿ ಹೇಳ್ರಿ? ನೆಲದ ಮ್ಯಾಲ ಕುಂತ್ರ ಪಾತ್ರೆ ತೊಳ್ಯೂ ನೀರು, ಸಾರಿನ ಕೊಪ್ಪರಿಗಿ ಹಿಡ್ಕೊಂಡು ಓಡಾಡೂ ಮಂದಿ. ಮ್ಯಾಲ ಬಿದ್ರ ಏನ್ ಗತಿ?" ಎಂದರು. ಮತ್ತೆ ಬಾಗಿಲಿಗೆ ಬಂದು ಅವಳಿಗೇ ಹೇಳಿದರು. "ನೋಡವಾ, ರೊಟ್ಟಿ ಹಬ್ಬಕ್ಕ ಐದನೇ ಕೈ ಬೇಕೇ ಬೇಕು ನನಗ. ಅಷ್ಟರಾಗ ನಿನಗ ಏನರ ವ್ಯವಸ್ಥಾ ಆದ್ರ ಆ ಜಾಗಾ ನಿಂದು. ಇಲ್ಲಂದ್ರ ಬೀದರಿಂದ ಒಬ್ಬಾಕಿ ಬರ್ತೀನಿ ಅನ್ಲತ್ತಾಳ."

ರೊಟ್ಟಿ ಹಬ್ಬ ಅಂದರೆ ಏನು ಅಂತ ನನಗೆ ಆಮೇಲೆ ತಿಳಿಯಿತು. ಆ ಕಡೆ ನಾಗರ ಪಂಚಮಿಯ ದಿನ ಒಲೆಯ ಮೇಲೆ ಹಂಚು ಇಡುವುದಿಲ್ಲವಂತೆ. ಅದಕ್ಕೇ ಹಿಂದಿನ ದಿನ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಜೋಳದ ಕಡಕ್ ರೊಟ್ಟಿ ಗುಡ್ಡೆಗಟ್ಟಲೆ ಮಾಡಿ ಮನೆಮನೆಗೆ ಹಂಚುತ್ತಾರೆ. ಇಲ್ಲಿ ದಿನವಿಡೀ ದುಡಿಯುವ ಜನ ಎಲ್ಲಿ ಮಾಡಿಯಾರು? ಎಲ್ಲರೂ ಮಲ್ಲಣ್ಣನವರಿಗೇ ಹೇಳಿಬಿಡುತ್ತಿದ್ದರು.

ಶರಣಮ್ಮ ಪ್ಲಾಸ್ಟಿಕ್ ಹಾಳೆ ಸರಿಮಾಡಿಕೊಂಡು ಗಾಡಿ ತಿರುಗಿಸುತ್ತಿದ್ದಳು. ನನಗೆ ಸುಮ್ಮನಿರಲಾಗಲಿಲ್ಲ.

"ಇದೇನ್ ದೊಡ್ ವಿಷ್ಯ ಮಲ್ಲಣ್ಣೋರೆ? ಕಟ್ಟೆ ಎತ್ತರಕ್ಕೆ ಒಂದು ಕುರ್ಚಿ ಮಾಡ್ಕೊಡ್ತೀನಿ. ರಾಣಿ ಥರ ಕೂತ್ಕೊಂಡು ಬಡೀಲಿ."

ಅನ್ವರ್ ಟೇಪು ತೆಗೆದ. "ಅಳತೆ ತಗೋಳಣ್ವಾ?"

"ಅಳತೆ ನನ್ ಕಣ್ಣಲ್ಲಿದೆ, ನಡಿ."

ಆ ಕುರ್ಚಿಯ ಬಗ್ಗೆ ಏನು ಹೇಳಲಿ. ಸ್ಕ್ವೇರ್ ಪೈಪಿನ ಕಾಲು, ಬೆನ್ನಿಗೆ ಆನಿಕೆ, ಕಾಲಿಡಲು ಹಲಗೆ, ಹಲಸೂರಿನ ಸೀಟ್ ಕವರಿನವನ ಹತ್ತಿರ ಹೊಲಿಸಿದ ಕೆಂಪು ರೆಕ್ಸಿನ್ ದಿಂಬು. ಹಿಟ್ಟಿನ ಡಬ್ಬಿಯಿಂದ ಒಲೆಗೆ, ಒಲೆಯಿಂದ ನಲ್ಲಿಗೆ ಸುಲಭವಾಗಿ ಹೋಗಲೆಂದು ಬುಡಕ್ಕೆ ನಾಲ್ಕು ಒಳ್ಳೆ ಚಕ್ರ. ಬೆರಳಲ್ಲಿ ತಳ್ಳಿದರೆ ಸುಂಯ್ ಅಂತ ಹೋಗುತ್ತಿತ್ತು. ಬೀದಿಯವರೆಲ್ಲ ಬಂದು ಒಂದೊಂದು ಸುತ್ತು ಹಾಕಿಕೊಂಡು ಹೋದರು. ಎದುರು ಅಂಗಡಿಯ ಟೈಲರು "ನಂಗೂ ಒಂದ್ ಮಾಡ್ಕೊಡು ಗುರು" ಎಂದ. ನಾನು ಮೀಸೆ ತಿರುವಿದೆ.

ಪರೀಕ್ಷೆಯ ದಿನ ಖಾನಾವಳಿಯ ಹೆಂಗಸರೂ ಬಂದಿದ್ದರು. ಅವರಲ್ಲಿ ಹಿರಿಯಳು ನಾಗಮ್ಮ, ಸೊಂಟಕ್ಕೆ ಸೆರಗು ಬಿಗಿದು ನಿಂತರೆ ಮಲ್ಲಣ್ಣನವರೇ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಶರಣಮ್ಮನನ್ನು ಗಾಡಿಯಿಂದ ಎತ್ತಿ ಮೆಟ್ಟಿಲು ದಾಟಿಸಿ ಕುರ್ಚಿಗೆ ಕೂರಿಸಿದ್ದೂ ಅವಳೇ. "ನಾವು ನಿಂತು ಸಾಯ್ಬೇಕು, ಈಕಿಗಿ ಸಿಂಹಾಸನ ಬಂತು ನೋಡ್ರೆ" ಎಂದು ಕೂರಿಸುತ್ತಲೇ ಚುಚ್ಚಿದಳು.

ಶರಣಮ್ಮ ಹಿಟ್ಟು ನಾದಿ ಉಂಡೆ ಕಟ್ಟಿ ಕಲ್ಲಿನ ಮೇಲಿಟ್ಟು ಅಂಗೈಯಿಂದ ಒಂದು ಏಟು ಹಾಕಿದಳು. ಕುರ್ಚಿ ಒಂದು ಗೇಣು ಹಿಂದಕ್ಕೆ ಹೋಯಿತು.

ಕಟ್ಟೆ ಹಿಡಿದು ಎಳೆದುಕೊಂಡು ಮತ್ತೆ ಬಡಿದಳು. ಮತ್ತೆ ಹಿಂದಕ್ಕೆ. ಮೂರನೆಯ ಏಟಿಗೆ ರೊಟ್ಟಿ ಅಲ್ಲೇ ಉಳಿಯಿತು, ಶರಣಮ್ಮ ಹಿಟ್ಟಿನ ಕೈ ಚಾಚಿಕೊಂಡು ಕುರ್ಚಿಯ ಸಮೇತ ನಲ್ಲಿಯ ಹತ್ತಿರ ಹೋಗಿ ತಲುಪಿದಳು.

"ಅಯ್ಯ, ಊರಿಗಿ ಹೊಂಟಳ್ರೆ ಈಕಿ! ಟಿಕೇಟ್ ತಗೊಂಡೀಯೇನ?" ಎಂದಳು ನಾಗಮ್ಮ.

ಹೆಂಗಸರು ಗೋಡೆ ಹಿಡಿದುಕೊಂಡು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ಶರಣಮ್ಮ. ನನಗೆ ಮಾತ್ರ ಅವಮಾನವಾಯಿತು. ಚಕ್ರಕ್ಕೆ ಬೆಣೆ ಕೊಟ್ಟೆ, ಹಗ್ಗ ಹಾಕಿ ಕುರ್ಚಿಯನ್ನು ಕಟ್ಟೆಯ ಕಾಲಿಗೆ ಬಿಗಿದೆ. ಈಗ ಕುರ್ಚಿ ಕದಲಲಿಲ್ಲ, ಅವಳೇ ಜಾರತೊಡಗಿದಳು. ನಿಂತು ಬಡಿಯುವವರು ಕಾಲು ಊರಿ ಬಲ ತೆಗೆಯುತ್ತಾರೆ. ನೆಲದಲ್ಲಿ ಕೂತವರು ಇಡೀ ಮೈಯನ್ನು ನೆಲಕ್ಕೆ ಒತ್ತಿ ಬಲ ತೆಗೆಯುತ್ತಾರೆ. ಎತ್ತರದಲ್ಲಿ ಕಾಲು ತೂಗಾಡಿಸಿಕೊಂಡು ಕೂತವಳಿಗೆ ಬಲ ಬರುವುದು ಎಲ್ಲಿಂದ? ಅವಳ ಒಂದು ರೊಟ್ಟಿಯೂ ದುಂಡಗಾಗಲಿಲ್ಲ.

ನಗು ನಿಂತಿತು. ಮಲ್ಲಣ್ಣ ಗಂಟಲು ಸರಿಮಾಡಿಕೊಂಡರು. "ಆಗೂದಿಲ್ಲ ಬಿಡವಾ. ಬೀದರದಾಕಿಗಿ ಫೋನ್ ಮಾಡ್ತೀನಿ. ನೀ ಮನ್ಯಾಗ ಮಾಡಿ ಕಳಸು, ನನ್ನ ಮಾತ್ ಕೇಳು."

ಶರಣಮ್ಮನ ಮುಖ ಆಗ ಮೊದಲ ಸಲ ಸಣ್ಣದಾಯಿತು. ಅವಳು ಮಲ್ಲಣ್ಣನವರ ಕಡೆ ನೋಡಲಿಲ್ಲ, ನನ್ನ ಕಡೆ ತಿರುಗಿದಳು.

"ಅಣ್ಣಾ, ಒಂದ್ ಮಾತ್ ಹೇಳ್ಲಿ? ಸಿಟ್ಟ್ ಮಾಡ್ಕೋಬ್ಯಾಡ್ರಿ. ನೀವು ನನಗ ಮ್ಯಾಲ ಎತ್ತಾಕ ಹೋಗೀರಿ. ನನಗ ಎತ್ತಬ್ಯಾಡ್ರಿ. ಒಲಿ ಕೆಳಗ ಇಳಸ್ರಿ."

ಮಲ್ಲಣ್ಣ ಹೌಹಾರಿದರು. "ಏನು, ಗ್ರಾನೈಟ್ ಒಡೀಲಿ? ಮೊನ್ನೆ ಹಾಕ್ಸೀನಿ!"

"ಒಡೆಯೋದ್ ಬೇಡ" ಎಂದೆ. ಮಾತು ನನ್ನ ಬಾಯಿಂದ ಬಂದಾದ ಮೇಲೆ ಯೋಚನೆ ಬಂತು. ಎದುರು ಗೋಡೆಯ ಕೆಳಗೆ ಜಾಗ ಖಾಲಿಯಿತ್ತು. ಮಲ್ಲಣ್ಣ ಅಲ್ಲಿ ಫ್ರಿಜ್ಜು ಇಡಬೇಕೆಂದಿದ್ದರು. "ಫ್ರಿಜ್ಜು ಆ ಮೂಲೆಗೆ ಹೋಗ್ಲಿ. ನೀವು ಬೀದರ್‌ಗೆ ಫೋನ್ ಮಾತ್ರ ಮಾಡ್ಬೇಡಿ. ಪೂಜೆ ಹೊತ್ತಿಗೆ ಕೆಲಸ ಮುಗಿದಿರುತ್ತೆ. ನನ್ನ ಕೈಯಿಂದ ಹೋದ ಮಾಲು ಯಾವತ್ತೂ ವಾಪಸ್ ಬಂದಿಲ್ಲ ಮಲ್ಲಣ್ಣೋರೆ, ಇದೂ ಬರಲ್ಲ."

"ಬಂತಲ್ಲ, ಅಲ್ಲಿ ನಿಂತೈತೆ ನೋಡು" ಎಂದು ಅನ್ವರ್ ಕುರ್ಚಿಯ ಕಡೆ ಗದ್ದ ಎತ್ತಿ ತೋರಿಸಿದ. ಅವನನ್ನು ಆಮೇಲೆ ನೋಡಿಕೊಂಡೆ.

ಈ ಸಲ ಅಳತೆ ಕಣ್ಣಲ್ಲಿಟ್ಟುಕೊಳ್ಳಲಿಲ್ಲ. ಶರಣಮ್ಮ ಎದುರು ಗೋಡೆಯ ಕೆಳಗೆ ನೆಲದ ಮೇಲೆ ಕೂತಳು. ಸೀಮೆಸುಣ್ಣ ಅವಳ ಕೈಗೇ ಕೊಟ್ಟೆ. ಕೂತಲ್ಲಿಂದಲೇ ಕೈ ಚಾಚಿ ಸುತ್ತ ಒಂದು ಗೆರೆ ಎಳೆದಳು. "ನನ್ನ ಕೈ ಎಲ್ಲಿ ತನಕ ಹೋಗ್ತದ, ಅಲ್ಲಿ ತನಕ ನನ್ನ ಅಡಗಿಮನಿ. ಕಲ್ಲು ಇಲ್ಲಿ, ಹಂಚು ಬಲಕ್ಕ, ಹಿಟ್ಟು ಎಡಕ್ಕ, ನೀರು ಇಲ್ಲಿ. ಇದರಾಚೆ ಏನಿಟ್ರೂ ಅದು ನನಗ ಕಲಬುರಗ್ಯಾಗ ಇಟ್ಟಂಗ."

"ಎತ್ತರ?" ಎಂದು ಕೇಳಿದೆ.

ಅವಳು ಹೊರಗೆ ಮಳೆಯಲ್ಲಿ ನೆನೆಯುತ್ತಿದ್ದ ಗಾಡಿಯನ್ನು ತೋರಿಸಿದಳು. "ಅದರ ಸೀಟು ಎಷ್ಟು ಅದ, ಅಷ್ಟ. ಗಾಡಿ ಬಾಜೂಕ ತಂದು ನಿಲ್ಲಿಸಿದ್ರ ನಾನ ಸರದು ಕುಂದರ್ತೀನಿ. ಯಾರೂ ಎತ್ತೂದು ಬ್ಯಾಡ." ಸೀಮೆಸುಣ್ಣ ಕೆಳಗಿಟ್ಟು, "ದಿನಾ ನಾಗಮ್ಮನ ಬಗಲಾಗ ಬರಾಕ ನಾ ಏನ್ ಕೂಸೇನ್ರಿ?" ಎಂದಳು.

"ಕೂಸಾದ್ರ ಹಗುರ ಇರ್ತಿದ್ದಿ" ಎಂದು ನಾಗಮ್ಮ ಗೊಣಗಿದಳು.

ಹಾಗಿದ್ದ ಮೇಲೆ ಗಾಡಿಯೇ ಒಳಗೆ ಬರಬೇಕು. ಮುಂದಿನ ಬಾಗಿಲಿಗೆ ಮೆಟ್ಟಿಲು. ಹಿಂದಿನ ಬಾಗಿಲು ಸಾಮಾನು ಸಾಗಿಸಲೆಂದು ಅಗಲವಾಗಿಯೇ ಇತ್ತು, ಆದರೆ ಅದರ ಮುಂದೆ ಚರಂಡಿ. ಚರಂಡಿಯ ಮೇಲೆ ಉಬ್ಬು ಗೆರೆಯ ದಪ್ಪ ಕಬ್ಬಿಣದ ತಗಡಿನಿಂದ ಉದ್ದಕ್ಕೆ ಇಳಿಜಾರು ಹಾಕಿದೆ. ಮಳೆಯಲ್ಲಿ ಚಕ್ರ ಜಾರಬಾರದೆಂದು ಮೇಲೆ ಅಡ್ಡಪಟ್ಟಿ ಬೆಸೆದೆ. ಬಣ್ಣ ಒಣಗುವ ಮುಂಚೆಯೇ ಅದನ್ನು ಬಳಸಿದವನು ಗ್ಯಾಸ್ ಸಿಲಿಂಡರಿನವನು. ತುಂಬಿದ ಸಿಲಿಂಡರನ್ನು ಉರುಳಿಸಿಕೊಂಡು ಸೀದಾ ಒಳಗೆ ಬಂದು, "ಯಾರಣ್ಣ ಇದನ್ನ ಹಾಕ್ಸಿದ್ದು? ಅವ್ರ ಹೊಟ್ಟೆ ತಣ್ಣಗಿರ್ಲಿ!" ಎಂದು ಹರಸಿದ. ಮಲ್ಲಣ್ಣ ಎದೆಯುಬ್ಬಿಸಿ, "ನಾನ" ಎಂದರು.

ಒಳಗೆ ಕಬ್ಬಿಣದ ಚೌಕಟ್ಟಿನ ಮೇಲೆ ಕಡಪಾ ಕಲ್ಲು ಹಾಸಿ ತಗ್ಗಿನ ಕಟ್ಟೆ ಕಟ್ಟಿದೆವು. ನೆಲದ ನೀರು ಅದರ ಅಡಿಯಲ್ಲಿ ಹರಿದು ಹೋಗುತ್ತಿತ್ತು. ಬರ್ನರನ್ನು ಕಲ್ಲಿನೊಳಗೆ ಇಳಿಸಿ, ಹಂಚು ಕೂತವಳ ಕೈಗೆ ಸರಿಯಾಗಿ ಸಿಗುವಂತೆ ಮಾಡಿದೆವು. ಗ್ಯಾಸಿನ ಪೈಪು ನನ್ನ ಕೆಲಸವಲ್ಲ, ಅದಕ್ಕೆ ಬೇರೆ ಫಿಟ್ಟರ್ ಬಂದ. ಓಡಾಡುವವರ ಕೊಪ್ಪರಿಗೆ ತಗಲದ ಹಾಗೆ ಕಟ್ಟೆಯ ಒಂದು ಪಕ್ಕಕ್ಕೆ ಕಂಬಿಯನ್ನೂ ಬೆಸೆದೆ. ಕುರ್ಚಿ ಗಲ್ಲಾಪೆಟ್ಟಿಗೆಯ ಹಿಂದಕ್ಕೆ ಹೋಯಿತು. ಅದರಲ್ಲಿ ಕೂತ ಮಲ್ಲಣ್ಣ ಕಾಸು ತೆಗೆದುಕೊಳ್ಳಲು ಆ ಕಡೆಗೂ ಪಾರ್ಸಲ್ ಕೊಡಲು ಈ ಕಡೆಗೂ ಸುಂಯ್ ಅಂತ ಓಡಾಡುವುದನ್ನು ನೋಡಿದಾಗ ನನಗೆ ಸ್ವಲ್ಪ ಸಮಾಧಾನವಾಯಿತು.

ಶ್ರಾವಣ ಹುಟ್ಟಿತು, ಪೂಜೆ ಆಯಿತು, ಅದರ ಬೆನ್ನಿಗೇ ರೊಟ್ಟಿ ಹಬ್ಬ. ಅವತ್ತು ನನಗೆ ಅಲ್ಲಿ ಕೆಲಸವೇನೂ ಇರಲಿಲ್ಲ. ಶಟರಿಗೆ ಎಣ್ಣೆ ಹಾಕುವ ನೆಪ ಮಾಡಿಕೊಂಡು ಹೋದೆ. ನನಗೆ ತಡೆಯಲಾಗಿರಲಿಲ್ಲ, ಅಷ್ಟೇ.

ಹೊರಗೆ ಮಳೆ, ಒಳಗೆ ಐದು ಜೊತೆ ಕೈಗಳ ಪಟಪಟ. ಹೊಸಬಳು ಎಷ್ಟು ಹೊತ್ತು ತಡೆಯುತ್ತಾಳೋ ನೋಡೋಣ ಎಂದು ಮಲ್ಲಣ್ಣ ಬಾಗಿಲಲ್ಲೇ ನಿಂತಿದ್ದರು. ಬೀದರಿನವಳಿಗೆ ಇನ್ನೂ ಬೇಡ ಅಂದಿರಲಿಲ್ಲ ಅಂತ ನನಗೆ ಗೊತ್ತಿತ್ತು. ಶರಣಮ್ಮ ಗಾಡಿಯನ್ನು ಕಟ್ಟೆಗೆ ತಾಗಿಸಿ ನಿಲ್ಲಿಸಿ, ಎರಡು ಕೈ ಊರಿ ಆಚೆ ಸರಿದು, ಕಾಲುಗಳನ್ನು ಮಡಚಿಕೊಂಡು ಕೂತವಳು ಮತ್ತೆ ತಲೆಯೆತ್ತಲಿಲ್ಲ. ಅವಳ ಅಂಗೈ ಕೆಳಗೆ ಉಂಡೆ ತಿರುಗುತ್ತಾ ತಿರುಗುತ್ತಾ ಚಂದ್ರನಂತೆ ಅಗಲವಾಗುವುದನ್ನು ನಾನು ಎಣ್ಣೆಯ ಡಬ್ಬಿ ಹಿಡಿದುಕೊಂಡು ನೋಡುತ್ತಾ ನಿಂತುಬಿಟ್ಟೆ. ಕಲ್ಲಿನಿಂದ ಹಂಚಿಗೆ ಹಾಕುವಾಗ ಒಂದೂ ಮುರಿಯಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ನಾಗಮ್ಮ ನಿಂತಲ್ಲೇ ಒಂದು ಕಾಲಿಂದ ಇನ್ನೊಂದಕ್ಕೆ ಭಾರ ಹಾಕುತ್ತಿದ್ದಳು. ಮಂಡಿ ಹಿಡಿದುಕೊಂಡು ಬಂದು ತಗ್ಗು ಕಟ್ಟೆಯ ತುದಿಗೆ ಕೂತಳು.

"ಎಲ್ಲಿ, ಸ್ವಲ್ಪ ಸರಿ. ಒಂದ್ ಗಳಿಗಿ ಕುಂದರ್ತೀನಿ."

"ಸಿಂಹಾಸನ ಅಂದಿದ್ದಿಯಲ್ಲ ಅಕ್ಕಾ?"

"ಬಾಯಿ ಮುಚ್ಚಿ ಸರಿಯೇ ರಾಣಿ."

ನಾಗಮ್ಮ ಕೂತವಳು ತನ್ನ ಕಲ್ಲನ್ನೂ ಅಲ್ಲಿಗೇ ತರಿಸಿಕೊಂಡಳು. ಆಮೇಲೆ ಇನ್ನೊಬ್ಬಳು ಬಂದಳು. ಕೊನೆಗೆ ನಾಲ್ವರೂ ಒತ್ತೊತ್ತಾಗಿ ಕೂತು, ಇಬ್ಬರು ನಾದಿ ಉಂಡೆ ಕಟ್ಟುವುದು, ಇಬ್ಬರು ಬಡಿದು ಕೊಡುವುದು, ಶರಣಮ್ಮ ಬೇಯಿಸುವುದು, ಬೇಸರವಾದರೆ ಕೆಲಸ ಅದಲು ಬದಲು ಮಾಡುವುದು, ಹೀಗೆ ತಾವೇ ಗೊತ್ತು ಮಾಡಿಕೊಂಡರು. ಸಾರು ಮಾಡಲೆಂದೇ ಇದ್ದ ಇನ್ನೊಬ್ಬಳು ಮಾತ್ರ ಎತ್ತರದ ಒಲೆಯ ಹತ್ತಿರ ಉಳಿದಳು. ಉಳಿದಂತೆ ಮಲ್ಲಣ್ಣನವರ ಗ್ರಾನೈಟ್ ಕಟ್ಟೆಯ ಮೇಲೆ ರೊಟ್ಟಿಗಳು ಗೋಪುರದ ಹಾಗೆ ಏಳತೊಡಗಿದವು.

"ಇದೇನಿದು, ಅಡಗಿಮನ್ಯೋ ಹರಟಿ ಕಟ್ಟ್ಯೋ?" ಎಂದರು ಮಲ್ಲಣ್ಣ.

"ಹರಟಿ ಬಾಯಿಲೆ, ರೊಟ್ಟಿ ಕೈಲೆ. ನೀವು ಪಾರ್ಸಲ್ ಕಟ್ರಿ ಹೋಗ್ರಿ" ಎಂದಳು ನಾಗಮ್ಮ. ಹೊರಗೆ ಜನ ಕೊಡೆ ಹಿಡಿದು ಸಾಲು ನಿಂತಿದ್ದರು. ಅನ್ವರನನ್ನೂ ಕರೆಸಿ ಪೇಪರಿನಲ್ಲಿ ರೊಟ್ಟಿ ಸುತ್ತಲು ಕೂರಿಸಿದೆವು.

ಸಂಜೆ ಪಗಾರದ ಮಾತು ಬಂತು. ಮಲ್ಲಣ್ಣ ಮೆತ್ತಗೆ, "ಶರಣಮ್ಮಗ ಸದ್ಯ ಸ್ವಲ್ಪ ಕಡಿಮಿ ಕೊಡ್ತೀನಿ. ಆಕಿದು ಕುಂತು ಮಾಡೂ ಕೆಲಸ" ಎಂದರು.

ನಾಗಮ್ಮ ಸೆರಗು ಬಿಗಿದಳು. "ಇವತ್ತ ನಾವೆಲ್ಲಾರೂ ಕುಂತೇ ಮಾಡೀವಿ. ಎಲ್ಲಾರಿಗೂ ಕಡಿಮಿ ಕೊಡ್ತೀರಿ? ರೊಟ್ಟಿ ಕೈಲೆ ಬಡೀತೀವೋ ಕಾಲಿಲೆ ಬಡೀತೀವೋ ಸಾವ್ಕಾರ್ರ?"

ಮಲ್ಲಣ್ಣ ನನ್ನ ಮುಖ ನೋಡಿದರು. ನಾನು ಶಟರಿಗೆ ಎಣ್ಣೆ ಹಾಕಲು ಹೋದೆ. ಶರಣಮ್ಮನ ಪಗಾರ ಉಳಿದವರಷ್ಟೇ ಆಯಿತು. ಬೀದರಿಗೆ ಫೋನೂ ಹೋಯಿತು, ಬರಬೇಡ ಅಂತ.

ಮಾರನೆಯ ದಿನ ಪಂಚಮಿ, ಖಾನಾವಳಿಗೆ ಬೀಗ. ಅದರ ಮಾರನೆಯ ದಿನವೇ ಮಲ್ಲಣ್ಣನವರ ಫೋನು: "ಸೀನಪ್ಪಾ, ಆ ತಗ್ಗ ಕಟ್ಟಿ ಇನ್ನಾ ಉದ್ದ ಮಾಡಬೇಕಾಗ್ಯದ. ಇನ್ನೊಂದು ಒಲಿನೂ ಇಳಸು. ಹೆಂಗಸರು ನಿಂದ್ರವಲ್ಲರು." ಫ್ರಿಜ್ಜು ಇನ್ನೊಂದು ಸಲ ಜಾಗ ಬದಲಾಯಿಸಿತು.

ಆ ಕೆಲಸಕ್ಕೆಂದು ಶ್ರಾವಣದಲ್ಲಿ ಮತ್ತೆ ಮತ್ತೆ ಅಲ್ಲಿಗೆ ಹೋಗುತ್ತಿದ್ದೆ. ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ತಿಂದು ಬರುತ್ತಿದ್ದೆ. ಸಂಜೆ ಶರಣಮ್ಮ ಗಾಡಿ ಹಿಮ್ಮುಖ ಮಾಡಿಕೊಂಡು ಇಳಿಜಾರಿನಲ್ಲಿ ಇಳಿಯುವಾಗ ನಾಗಮ್ಮನ ಜೊತೆ ಸೇರಿ ಸಾವ್ಕಾರರನ್ನು ಬಾಯಿ ತುಂಬ ಬೈಯುತ್ತಿದ್ದಳು. ಉಪ್ಪು ಕಡಿಮೆ ತರಿಸ್ತಾನ, ಟೀ ನೀರಾಗಿರ್ತದ, ಫ್ಯಾನ್ ಹಾಕ್ಸೂದಿಲ್ಲ, ಹೀಗೆ. ಮಲ್ಲಣ್ಣ ಒಳಗಿಂದ ಕೇಳಿಸಿಕೊಂಡು, "ಕೇಳಸ್ಲತ್ತದ ನನಗ!" ಎಂದು ಕೂಗುತ್ತಿದ್ದರು. "ಕೇಳಸಲಿ ಅಂತೇ ಹೇಳ್ಲತ್ತೀವಿ!" ಎಂದು ಇವರು ಕೂಗುತ್ತಿದ್ದರು.

ಶ್ರಾವಣ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ನಾನು ಹೊಸ ಕಟ್ಟೆಯ ಅಂಚಿಗೆ ಗ್ರೈಂಡರ್ ಹಿಡಿಯುತ್ತಿದ್ದೆ. ಶರಣಮ್ಮ ಗಲ್ಲಾಪೆಟ್ಟಿಗೆಯ ಮುಂದೆ ಗಾಡಿ ನಿಲ್ಲಿಸಿದಳು.

"ಸಾವ್ಕಾರ್ರ, ನಾಳಿಗಿ ನನಗ ರಜಾ ಬೇಕು."

ಮಲ್ಲಣ್ಣ ಕುರ್ಚಿಯಲ್ಲೇ ಒಂದು ಮೊಳ ಹಿಂದೆ ಸರಿದರು. "ರಜಾ? ಯಾಕ, ಮೈ ಸರಿ ಇಲ್ಲೇನು?"

"ಮೈ ಗಟ್ಟಿ ಅದ. ನಾಗಮ್ಮಂದೂ ನಾಳೆ ರಜಾ ಅದ. ಇಬ್ಬರೂ ಮೆಟ್ರೋದಾಗ ಹಲಸೂರಿಗಿ ಹೋಗಿ ಕೆರಿ ನೋಡಿ ಬರ್ತೀವಿ. ಅಲ್ಲಿ ಲಿಫ್ಟ್ ಅದ ಅಂತ, ಸೀನಣ್ಣ ಹೇಳ್ಯಾರ."

"ಅಲ್ಲವಾ, ಕೆಲಸಕ್ಕ ಬರ್ತೀನಿ, ಕೆಲಸಕ್ಕ ಬರ್ತೀನಿ ಅಂತ ಮಳ್ಯಾಗ ನಿಂತು ಜೀವ ತಿಂದಾಕಿ ನೀನ. ಈಗ ಕೆರಿ ನೋಡಾಕ ರಜಾ ಕೇಳ್ತೀಯಲ್ಲ?"

ಶರಣಮ್ಮ ಅಂಗೈಯ ಹಿಟ್ಟನ್ನು ಸೀರೆಗೆ ಒರೆಸಿಕೊಂಡಳು. ನಾನು ಕೇಳಿಸಿಕೊಳ್ಳಲು ಗ್ರೈಂಡರ್ ನಿಲ್ಲಿಸಿದೆ.

"ಕೆಲಸಕ್ಕ ಬಂದೀನಿ, ಅದಕ್ಕ ಕೇಳ್ಲತ್ತೀನಿ. ಮನ್ಯಾಗ ಕುಂತಾಕಿಗಿ ಯಾರ್ ಕೊಡ್ತಾರ್ರಿ ರಜಾ?"